ಒಂದು ಗುಡಿಸು ಹೆಚ್ಚು

ಟಾಂಗಾಕೂಟದ ಮಗ್ಗಲ ಬ್ಯಾಂಕಿನೊಳಗ
ನನ್ನ ಮಗಳು ನೀಲಾಂಬಿಕಾ, ಹದಿನೈದು ವರ್ಷ ನಾಕು ತಿಂಗಳು,
ಕಂಪಾಸ್ ಬಾಕ್ಸ್ ಎದಿಗವಚಿ ನಿಂತಾಳ.
ಒಳಗ ಕೈವಾರ ಇಲ್ಲ, ಕೋನಮಾಪಕ ಇಲ್ಲ,
ಹನ್ನೆರಡು ನೂರು ರೂಪಾಯಿ:
ಸೂಟಿಯೊಳಗ ಮೇರವಾಡೆ ಮಾಲಕರ ಪ್ರೆಸ್ಸಿನಾಗ
ಮಂದಿ ಲಗ್ನದ ಕಾರ್ಡು ಮಡಚಿ
ಮೂಲಿಗೆ ಅರಿಷಿಣ ಹಚ್ಚಿ ಗಳಿಸಿದ್ದು.
ಒಂದು ನೋಟಿನ ಮ್ಯಾಲೆ ಇನ್ನೂ
ಅರಿಷಿಣದ ಬೆರಳು ಐತಿ.

ಫಾರ್ಮು ನಾಕು ಪುಟ.
ನಾನು ಮೊದಲು ನೋಡಿದ್ದು ಹೆಸರಿನ ಜಾಗ ಅಲ್ಲ,
ಬುಡದಾಗ ಯಾವ ಪ್ರೆಸ್ಸು ಅಂತ. ಚಾಳಿ.
ಹೊರಗಿನ ಊರಿಂದು. ನಯವಾದ ಹಾಳಿ.
ಒಂದೂ ತಪ್ಪಿಲ್ಲ,
ಬೇಕಂತನ ಹುಡುಕಿದೆ.

ಯಾಕಂದ್ರ ನಂದೊಂದು ತಪ್ಪೈತಿ.
ಮೊಳೆ ಜೋಡಸೂ ಕಾಲ. ಒಂದು ಪತ್ತಿನ ಸಂಘಕ್ಕ
ಹಣ ತುಂಬೂ ಚೀಟಿ, ಐದು ಸಾವಿರ.
ಆವತ್ತು ಕರೆಂಟಿಲ್ಲ, ಮನಿಯಾಗ ಇಕಿಗೆ ಜ್ವರ.
'ಸ' ಖಾನೆಗೆ ಹೋಗಬೇಕಾದ ಕೈ
ಮಗ್ಗಲ 'ಸಿ' ಖಾನೆಗೆ ಹೋತು.
ಪ್ರೂಫು ನೋಡಿದವನೂ ನಾನ.
ಅಚ್ಚಾಗಿ, ಒಣಗಿ, ಕಟ್ಟು ಕಟ್ಟಿ ಹೋದ ಮ್ಯಾಲೆ
ಸಂಘದ ಕಾರ್ಯದರ್ಶಿ ಚಾಳೀಸು ಏರಿಸಿ ಓದಿದರು:
"ಖಾತೆದಾರರ ಸಿಹಿ."
"ಏನೋ ಹೊಂಬಳ, ಮಂದಿ ಇಲ್ಲಿ ಪೇಡೆ ಅಂಟಸಬೇಕೇನು?"
ಮಾಲಕರು ನಗಲಿಲ್ಲ.
ಮೂರು ತಿಂಗಳ ಪಗಾರದಾಗ ಮುರಕೊಂಡರು.

ಐದು ಸಾವಿರ ಸಿಹಿ
ರದ್ದಿಯಾಗಿ ನಮ್ಮ ಮನಿಗೆ ಬಂತು.
ಅದರ ಬೆನ್ನ ಮ್ಯಾಲೆ ನೀಲಾ
ಅ ಬರದಳು, ಆ ಬರದಳು,
ಆನಿಗೆ ಐದು ಕಾಲು ಬರದಳು,
ಏಳರ ಮಗ್ಗಿ ತಪ್ಪಿ ಮತ್ತ ಬರದಳು.
ಅವರವ್ವ ಅದರಾಗ ಪುಟಾಣಿ ಸಕ್ರಿ ಸುತ್ತಿ ಕೊಟ್ಟಳು.
ನಾಕನೇತ್ತೆ ಮುಗಿಯೂತನ ಬಂದವು.

ಈಗ ಮೇಜಿನ ಆ ಕಡೆ ಆಕಿ, ಈ ಕಡೆ ನಾನು,
ನಡುವ ದಾರ ಕಟ್ಟಿದ ಪೆನ್ನು.
ಆಕಿ ಬರಿಯೂದು ನನಗ ತಲಿಕೆಳಗ ಕಾಣತೈತಿ.
ಇಪ್ಪತ್ತೆರಡು ವರ್ಷ ಮೊಳೆ ಓದಿದ ಕಣ್ಣಿಗೆ
ತಲಿಕೆಳಗಿದ್ದರನ ಸಲೀಸು.
ಮೊನ್ನೆ ಇದಕ್ಕೊಂದು ಬಾಲ ಇತ್ತು.
ನಿನ್ನೆ ಬಾಲ ಹೋಗಿ
ಎರಡೂ ಸೊನ್ನಿ ಹೂವಾಗಿದ್ದವು.
ಇವತ್ತು ಬರೇ ನೀಲಾಂಬಿಕಾ ಹೊಂಬಳ,
ಸೊನ್ನಿ ದುಂಡಗ, ಒತ್ತಿ ಒತ್ತಿ,
ಮಾಸ್ತರು ಮಾರ್ಕ್ಸು ಹಾಕತಾರೇನೋ ಅನ್ನೂಹಂಗ.

ಆಫೀಸರು ತೆಲುಗಿನ ಕಡೆಯ ಹುಡುಗಿ,
ಕನ್ನಡ ಇನ್ನೂ ಹೊಸಾದು ಬಾಯಾಗ:
"ಸಹಿ ಸೇಮ್ ಇರಬೇಕು. ಯಾವಾಗಲೂ ಸೇಮ್."
"ಯಾವಾಗಲೂ ಅಂದ್ರ ಎಷ್ಟು ದಿನ್ರಿ?"
ಆಕೆ ಕಂಪ್ಯೂಟರ್ ಬಿಟ್ಟು
ಮೊದಲನೇ ಸಲ ನನ್ನ ಮಗಳ ಮಾರಿ ನೋಡಿದಳು.
"ಹದಿನೆಂಟು ಆಗಲಿ.
ಆಮೇಲೆ ಬಾ, ಹೊಸಾದು ಕೊಡು."

ಪಾಲಕರ ಜಾಗದಾಗ ನಾನು ಮಾಡಿದೆ.
ನನ್ನ ಸಹಿ ಸಾಲಿ ಬಿಟ್ಟಾಗಿಂದ ಒಂದ ಥರ.
ಬದಲಿ ಕೊಡಬಹುದು ಅಂತ
ನನಗ ಯಾರು ಹೇಳಿದ್ದರು?

ಪಾಸ್‌ಬುಕ್ಕು ಮಷೀನಿನಾಗ ಕರ್ರ್ ಅಂತ ಹೋಗಿ ಬಂತು.
ಸಾಲಿನ ಮ್ಯಾಲೆ ಸಾಲು ಹತ್ತೈತಿ,
ಶಾಯಿ ಅರ್ಧಕ್ಕ ಸತ್ತೈತಿ.
ಮಾಲಕರಿದ್ದರ ಮತ್ತ ಹೊಡಿ ಅಂತಿದ್ದರು.
ನಾನು ಸುಮ್ಮನಿದ್ದೆ.
ಆಕಿ ಊದಿ ಊದಿ ಓದಾಕತ್ತಿದ್ದಳು:
ಜಮಾ, ಒಂದು ಸಾವಿರ.
ಉಳಿದಿದ್ದು, ಅರಿಷಿಣದ ನೋಟು ಹಿಡದು,
ಕಂಪಾಸ್ ಬಾಕ್ಸಿನಾಗ.
"ಅದು ಬ್ಯಾಂಕಿಗೆ ಗೊತ್ತಾಗೂದು ಬ್ಯಾಡ" ಅಂದಳು.

ಬೆಟಗೇರಿ ಆಟೋದಾಗ
ಆಕಿ ಕೈಯಾಗೊಂದು ಹಣ ತುಂಬೂ ಚೀಟಿ ಕಂಡೆ.
ಅಲ್ಲಿಂದನ ಎತ್ತಿಕೊಂಡು ಬಂದಿದ್ದಳು, ಸುಮ್ಮನ.
ಬೆನ್ನು ಮಾಡಿ ತೊಡಿ ಮ್ಯಾಲಿಟ್ಟು
ಬರದಳು ಮತ್ತೊಂದು ಸಹಿ.
"ಇದು ಹದಿನೆಂಟಕ್ಕ" ಅಂದಳು.
ಅಷ್ಟೊತ್ತಿಗೆ ತೆಗ್ಗಿನಾಗ ಗಾಡಿ ಜಿಗೀತು,
ಕೊನೀ ಅಕ್ಷರದಿಂದ ಗೀರು ಹೊಂಟು
ಹಾಳಿ ದಾಟಿ ಆಕಿ ಚೂಡಿದಾರದ ಮ್ಯಾಲೆ ಹೋತು.
ಎತ್ತಿ ಹಿಡದು, ಒಂದು ಕಣ್ಣು ಮುಚ್ಚಿ ನೋಡಿದಳು.
"ಇರಲಿ ಬಿಡಪಾ, ಚಲೋ ಐತಿ."