ಹಲ್ಲು ಬರುವ ತನಕ

ಆರು ಸಾವಿರದ ಇನ್ನೂರು ಪ್ಯಾಂಟು
ಬಾಯಿ ತೆರೆದು ತೂಗುತ್ತಿವೆ ನನ್ನ ಸ್ಟೋರಿನಲ್ಲಿ.
ಬಟ್ಟೆ ಅಹಮದಾಬಾದಿನದು, ದಾರ ಮದುರೆಯದು,
ರಿವೆಟ್ಟು ದೆಹಲಿಯ ಯಾವುದೋ ಗಲ್ಲಿಯದು,
ಬೆವರು ರಾಯದುರ್ಗದ್ದು.
ಝಿಪ್ಪು ಮಾತ್ರ ಹಡಗಿನಲ್ಲಿ.

ಹಡಗೆಲ್ಲಿ ಅಂದರೆ
ಕೊಲಂಬೋ ಅನ್ನುತ್ತದೆ ಫೋನು.
ಹನ್ನೊಂದು ದಿನದಿಂದ ಅದೇ ಮಾತು.
ಪರದೆಯ ಮೇಲೊಂದು ಹಸಿರು ಬಾಣ.
ಬೆರಳಿಟ್ಟು ದೂಡಿದೆ ಮೊನ್ನೆ, ಸುಮ್ಮನೆ.
ಕಡಲೇ ಜರುಗಿತು,
ಬಾಣ ಕೊಲಂಬೋ ಬಿಡಲಿಲ್ಲ.

ನಾನು ಕಡಲು ಕಂಡವಳಲ್ಲ.
ನಾ ಕಂಡ ದೊಡ್ಡ ನೀರೆಂದರೆ
ಬಟ್ಟೆ ತೊಳೆಯುವ ಘಟಕದ ಹಿಂದಿನ ನೀಲಿ ಮಡು;
ಕೊಕ್ಕರೆಯೊಂದು ಇಳಿದು
ಕಾಲಿಗೆ ಬಣ್ಣ ಹಾಕಿಸಿಕೊಂಡು ಹೋಗುತ್ತದೆ.

ಆ ದಡದಿಂದ ಬರೆಯುವವಳ ಹೆಸರು ಲಿನ್.
ಅವಳ ಮಾತು ಫೋನಿನ ಹೊಟ್ಟೆಗೆ ಹೋಗಿ
ಕನ್ನಡವಾಗಿ ಬರುತ್ತದೆ:
'ಪ್ರಿಯ ಚಿನ್ನದೂರಿನ ತಾಯೇ,
ಸರಕು ನಿದ್ರಿಸುತ್ತಿದೆ. ದಯವಿಟ್ಟು ಕೋಪವನ್ನು ತಿನ್ನಬೇಡಿ.'
ನನ್ನ ಹೆಸರು ಹೊನ್ನೂರಮ್ಮ, ಲಿನ್.
ಬೆಳಿಗ್ಗೆಯಿಂದ ಕೋಪವನ್ನೂ ತಿಂದಿಲ್ಲ.

ಯಜಮಾನ ಗಾದಿಲಿಂಗಪ್ಪ ಬೈಯುವುದಿಲ್ಲ.
ಬೈದರೆ ವಾಸಿಯಿತ್ತು.
ಬಾಗಿಲಲ್ಲಿ ನಿಂತು ಮೆಷಿನ್ನು ಎಣಿಸುತ್ತಾನೆ,
ಮೂವತ್ತೆಂಟು,
ಒಂದೂ ಓಡುತ್ತಿಲ್ಲ ಎಂದು ಗೊತ್ತಿದ್ದೂ ಎಣಿಸುತ್ತಾನೆ.
ಝಿಪ್ಪಿಗೆ ಒಂದೂಕಾಲು ರೂಪಾಯಿ ಅಗ್ಗ,
ಒಟ್ಟು ಏಳು ಸಾವಿರದ ಏಳುನೂರ ಐವತ್ತು ಉಳಿತಾಯ
ಎಂದು ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು
ಅವನ ಮುಂದೆ ಇಟ್ಟವಳು ನಾನೇ.
ಒಂದು ಗೆರೆ ಸಾಕಿತ್ತು.

ಕಟಿಂಗ್ ಮಾಸ್ತರ ಖಾಜಾಸಾಬ್ ಬೀಡಿ ಆರಿಸಿ
ಹಳೆಯದು ತೆಗೆದ:
ಆಗ ಝಿಪ್ಪು ಬಳ್ಳಾರಿ ಬಸ್ಸಿನ ಟಾಪಿನಲ್ಲಿ ಬರುತ್ತಿತ್ತಮ್ಮ,
ಕಂಡಕ್ಟರನ ಕೈಗೆ ಹತ್ತು ರೂಪಾಯಿ.
ತಪ್ಪಿದರೆ ಸಂಜೆಯ ಬಸ್ಸು.
ಅಂಗಡಿಯವ ಸಾಲ ಬರೆದುಕೊಳ್ಳುತ್ತಿದ್ದ,
ಮಗಳ ಮದುವೆಗೆ ಕರೆದಿದ್ದ.
ಈಗಲೂ ಕೊಟ್ಟಾನು, ಫೋನು ಹಚ್ಚು ಅಂದೆ.
ನನ್ನ ಮುಖ ನೋಡಿದ.
ಅಲ್ಲಿ ಈಗ ಮೊಬೈಲ್ ಕವರು ಮಾರ್ತಾರಮ್ಮ,
ನಾವು ಕೊಳ್ಳೋದು ಬಿಟ್ಟ ಮರುವರ್ಷದಿಂದ.

ಮುಂಬೈಯಿಂದ ಕರೆ:
ಮಂಗಳವಾರ ಲಾರಿ ಹೊರಡದಿದ್ದರೆ
ಮಾಲು ನಿಮ್ಮದೇ.

ಆ ರಾತ್ರಿ ಉರುಕುಂದಮ್ಮ
ಯಾರನ್ನೂ ಕೇಳದೆ ಅಟ್ಟ ಹತ್ತಿದಳು.
ಹೋದ ವರ್ಷ ಬಣ್ಣ ಸರಿಯಿಲ್ಲವೆಂದು
ವಾಪಸು ಬಂದ ಗಂಟು ಕೆಡವಿದಳು,
ಬ್ಲೇಡಿನಿಂದ ಹೊಲಿಗೆ ಬಿಡಿಸಿ
ಹಿತ್ತಾಳೆ ಸಾಲು ಒಂದೊಂದೇ ಕಿತ್ತಳು.
ನಾವೂ ಕೂತೆವು. ಎಂಟು ಹೆಂಗಸರು, ಒಂದು ಬಲ್ಬು.
ತನ್ನ ಕೈಯ ಹೊಲಿಗೆ ಗುರುತು ಸಿಕ್ಕಾಗ
ಒಬ್ಬೊಬ್ಬಳೂ ಅರೆಗಳಿಗೆ ನಿಲ್ಲುತ್ತಿದ್ದಳು.
ಬೆಳಕು ಹರಿವಷ್ಟರಲ್ಲಿ ಒಂಬೈನೂರ ಹನ್ನೆರಡು.

ಒಂಬೈನೂರ ಹನ್ನೆರಡು ಪ್ಯಾಂಟು ಬಾಯಿ ಮುಚ್ಚಿ
ಮುಂಬೈಗೆ ಹೋದವು.
ಮಿಕ್ಕವನ್ನು ಆದೋನಿಯವ ಬಂದು
ತಕ್ಕಡಿಗೆ ಹಾಕಿದ, ಕಿಲೋ ಲೆಕ್ಕ.
ಗುಂಡಿ ಹಚ್ಚಿಕೊಳ್ಳುತ್ತಾನಂತೆ.
ಹಚ್ಚಿಕೊಳ್ಳಲಿ.

ನಲವತ್ತೊಂದನೆಯ ದಿನ
ಝಿಪ್ಪು ಬಂತು.

ಡಬ್ಬಿ ಒಡೆದು ಮೂಗಿಗೆ ಹಿಡಿದೆ,
ಉಪ್ಪಿನ ವಾಸನೆ ಇದ್ದೀತೆಂದು.
ಬರೀ ಪ್ಲಾಸ್ಟಿಕ್ಕು.
ಅಳತೆ ಸರಿ, ಎಣಿಕೆ ಸರಿ,
ಮೇಲೆ ಇಪ್ಪತ್ತು ಹೆಚ್ಚಿಗೆ, ಉಡುಗೊರೆ ಎಂದು ಚೀಟಿ.
ಲೆಡ್ಜರಿನಲ್ಲಿ ಬರೆದೆ: ಒಳಬಂದದ್ದು ಆರು ಸಾವಿರದ ಇನ್ನೂರ ಇಪ್ಪತ್ತು.
ಹೊರಹೋದದ್ದು ಎಂಬ ಕಾಲಮ್ಮು
ಗೋಡೆ ಹಾಗೆ ಬಿಳಿ.

ಉರುಕುಂದಮ್ಮ ಒಂದನ್ನೆತ್ತಿ ಎಳೆದಳು, ಸರ್ರೆಂದಿತು.
ಇಳಿಸಿದಳು.
'ಕಡ್ಲೆ ಇದ್ದಾಗ...' ಎಂದವಳು
ಗಾದೆಯನ್ನು ಅಲ್ಲೇ ಬಿಟ್ಟು ನಕ್ಕಳು.
ಬಾಯಲ್ಲಿ ಅವಳಿಗೆ ನಾಲ್ಕೇ.

ಫೋನು ಬೆಳಗಿತು. ಲಿನ್:
'ಚಿನ್ನದೂರಿನ ತಾಯೇ, ಹಲ್ಲುಗಳು ತಲುಪಿದವೇ?'

ತಲುಪಿದವು ಎಂದು ಬರೆದೆ.
ಅದು ಸುಳ್ಳಲ್ಲವಲ್ಲ.