ಕೆಂಪು ರಟ್ಟಿನದು, ಸಣ್ಣದು

ಲಾರಿ ಅಂದರೆ ಅಲ್ಲಿ ದುಡ್ಡು.
ಐದು ಲಾರಿಯ ಪುಸ್ತಕ ಕೊಂಡಳು ಅಂದರೆ
ಗೋದಾಮೇನೂ ಬೇಕಿಲ್ಲ,
ಒಂದು ಬಟ್ಟೆಚೀಲ ಸಾಕು,
ಅದರಲ್ಲೂ ನಾಲ್ಕು ಈರುಳ್ಳಿಗೆ ಜಾಗ ಉಳಿಯುತ್ತದೆ.

ತ್ಬಿಲಿಸಿಯ ಮೆಟ್ರೋದಲ್ಲಿ, ಓಡುವ ಮೆಟ್ಟಿಲ ಬುಡದ
ಗಾಜಿನ ಗೂಡಿನಲ್ಲಿ ಕೂರುವವಳು ತ್ಸಿಯಾಲಾ.
ಇಳಿಯುವವರ ಮುಖ, ಏರುವವರ ಬೆನ್ನು
ನೋಡುತ್ತಿರುವುದಕ್ಕೆ ಸಂಬಳ.
ಅಲ್ಲಿ ಓದುವ ಹಾಗಿಲ್ಲ.
ಬುಧವಾರ, ಶುಕ್ರವಾರ ಮಧ್ಯಾಹ್ನ
ಚೀಸ್ ತುಂಬಿದ ರೊಟ್ಟಿ ಮುಟ್ಟುವುದಿಲ್ಲ ಅವಳು.
ದೇವರ ಉಪವಾಸ, ಪಾಪ, ಅನ್ನುತ್ತಾರೆ ಜೊತೆಯವರು.
ಇರಲಿ, ದೇವರೂ ಹಾಗೇ ಅಂದುಕೊಳ್ಳಲಿ.

ಭಾನುವಾರ ನದಿ ದಾಟಿ
ಒಣಸೇತುವೆಯ ಸಂತೆಗೆ.
ಪದಕಗಳು, ಬೆಳ್ಳಿ ಹೋದ ಚಮಚಗಳು,
ಯಾರದೋ ಅಜ್ಜನ ಕನ್ನಡಕ. ಇವೆಲ್ಲ ದಾಟಿದ ಮೇಲೆ
ಜುಂಬೇರನ ಝಿಗುಲಿ ಕಾರು:
ಇಪ್ಪತ್ತು ವರ್ಷದಿಂದ ಓಡಿಲ್ಲ,
ಬಾನೆಟ್ಟಿನ ತುಂಬ ಪುಸ್ತಕ.

ಅವಳ ಕೈಯಲ್ಲಿ ಒಂದು ಪಟ್ಟಿ.
ಕರೆಂಟೇ ಇಲ್ಲದ ಚಳಿಗಾಲದಲ್ಲಿ ಬಂದ
ಕರೆಂಟು ಬಿಲ್ಲಿನ ಬೆನ್ನಿಗೆ
ಅಮ್ಮ ಬರೆದದ್ದು, ಕೈಗಡದ ಲೆಕ್ಕದ ಹಾಗೆ:
ಭಾಷಣಗಳು, ಆರು ಸಂಪುಟ. ಸ್ನಾನದ ನೀರು.
ಜೇನು ಸಾಕಣೆ. ಕಾಳು, ಅರೆ ಬೆಂದದ್ದು.
ರಸಾಯನಶಾಸ್ತ್ರ, ಎಂಟನೆಯ ತರಗತಿ. ಗೋಗಿತಾಗೆ ಜ್ವರ, ಚಹಾ.
ಒಟ್ಟು ನಲವತ್ತೇಳು.
ಕೊನೆಯಲ್ಲಿ ಅಡಿಗೆರೆ ಎಳೆದು: ವಾಪಸು ತಂದಿಡಬೇಕು.

ಆಗ ತ್ಸಿಯಾಲಾಗೆ ಒಂಬತ್ತು.
ಹಾಳೆ ಕಿತ್ತು ಕಿತ್ತು ಕೊಡುವುದು ಅವಳ ಪಾಲಿನ ಕೆಲಸ.
ಒಂದನ್ನೂ ಓದಿರಲಿಲ್ಲ.
ಓದಲು ಬೆಳಕಿರಲಿಲ್ಲ.
ಬೆಳಕಾದಾಗ
ಉರಿಯುತ್ತಿದ್ದದ್ದು ಪುಸ್ತಕವೇ.

ಈಗ ಓದುತ್ತಾಳೆ. ನಿಜ ಹೇಳಬೇಕೆಂದರೆ
ಎಷ್ಟೋ ಪುಸ್ತಕ ಕಾಳು ಬೇಯಿಸಿದ್ದೇ ದೊಡ್ಡದು.
ಜೇನು ಸಾಕಣೆ ಮಾತ್ರ ಎರಡು ಸಲ ಓದಿದಳು,
ನಾಲ್ಕನೆಯ ಮಹಡಿಯಲ್ಲಿ, ಒಂದು ಹುಳವಿಲ್ಲದೆ.

ಹೋದ ಮಾಗಿಯಲ್ಲಿ ಸಿಕ್ಕಿತು ಪಾಚಿಗಳ ಪುಸ್ತಕ,
ಬಣ್ಣದ ಚಿತ್ರಗಳದ್ದು, ಇಟ್ಟಿಗೆಯ ತೂಕ.
"ನಲವತ್ತು," ಅಂದ ಜುಂಬೇರ್.
"ನಲವತ್ತೇ?"
"ಆ ಚಳಿಗೆ ಎಲ್ಲರ ಮನೆಯಲ್ಲೂ ಸುಟ್ಟರಮ್ಮಾ.
ಉಳಿದದ್ದಕ್ಕೆ ಬೆಲೆ ಬಂತು."
"ನುಣುಪು ಕಾಗದ. ಸರಿಯಾಗಿ ಉರಿಯಲೂ ಇಲ್ಲ ಅದು,
ಮನೆ ತುಂಬ ಹೊಗೆ, ಚಹಾ ಉಗುರುಬೆಚ್ಚಗೆ."
ಅವನು ಸ್ವಲ್ಪ ಯೋಚಿಸಿದ.
"ಹಾಗಿದ್ದರೆ ಮೂವತ್ತೆಂಟು."

ಕಂತು. ವಾರಕ್ಕೆ ಐದು.
ಪುಸ್ತಕ ಡ್ರೈವರ್ ಸೀಟಿನ ಅಡಿ.
ಪ್ರತಿ ಭಾನುವಾರ ಹೊರತೆಗೆದು, ಅವತ್ತಿನ ಐದಕ್ಕೆ
ಎಷ್ಟು ಪುಟ ಸಲ್ಲುತ್ತದೋ ಅಷ್ಟು ತೋರಿಸುತ್ತಿದ್ದ,
ಮುಂದಿನದಕ್ಕೆ ಹೆಬ್ಬೆರಳೇ ಬೇಲಿ.
ಹಿಮದಲ್ಲಿ ನಿಂತು ನೋಡಿದಳು:
ಕಲ್ಲಿನ ನೆತ್ತಿಯ ಮೇಲೆ ಹಸಿರು,
ಸತ್ತ ಮರದ ಮೇಲೆ ಹಸಿರು,
ಬೆಂಕಿ ಹಿಡಿಯಲು ಒಪ್ಪದ ಅದೇ ಹಸಿರು.

ಎಂಟನೆಯ ಭಾನುವಾರ ಮೂರು ಕೊಟ್ಟರೆ ಸಾಕಿತ್ತು.
ಉಳಿದ ಎರಡರಲ್ಲಿ ಕೈಹಾಕಿದ್ದು
ಬಾನೆಟ್ಟಿನ ಮೂಲೆಯ ಒಂದು ಕೆಂಪು ಪುಸ್ತಕಕ್ಕೆ.
ಹಡಗಿನ ಗಂಟುಗಳ ಬಗ್ಗೆಯೋ ಏನೋ, ನೋಡಲಿಲ್ಲ.

ಏಕೆಂದರೆ ಪಟ್ಟಿಯ ನಲವತ್ತಮೂರನೆಯದಕ್ಕೆ
ಅಮ್ಮ ಹೆಸರು ಬರೆದಿಲ್ಲ.
ಕತ್ತಲಲ್ಲಿ ಕಾಣಿಸಲಿಲ್ಲವೋ,
ಬರೆಯಲು ಮನಸ್ಸಾಗಲಿಲ್ಲವೋ.
"ಕೆಂಪು ರಟ್ಟಿನದು, ಸಣ್ಣದು" ಅಂತಷ್ಟೇ ಇದೆ.
ಏನು ಬೇಯಿತು ಅನ್ನುವುದೂ ಇಲ್ಲ.

ಮನೆಗೆ ಬಂದು ಪಾಚಿಯ ಸಾಲಿಗೆ ಗೀಟು ಹಾಕಿದಳು.
ನಲವತ್ತಮೂರರ ಹತ್ತಿರ ಪೆನ್ನು ಒಂದು ಗಳಿಗೆ ನಿಂತು
ಮುಚ್ಚಿಕೊಂಡಿತು.
ಕಿಟಕಿಯ ಕಟ್ಟೆಯ ಮೇಲೆ ಕೆಂಪು ರಟ್ಟಿನವು, ಸಣ್ಣವು,
ಇದೂ ಸೇರಿ ಹನ್ನೆರಡು.
ಒತ್ತಿಟ್ಟರೆ ಇನ್ನೂ ಆರು ಹಿಡಿಸಬಹುದು.