ಎರಡು ಮಿಲಿಮೀಟರು

ಮೂರು ತಿಂಗಳಿಂದ ನಮ್ಮ ಅಂಗಳದಲ್ಲಿ
ನಾದಿನಿ ಸರ್ವಮಂಗಳೆಯ ರಂಗೋಲಿಗೆ
ಲೆಕ್ಕಕ್ಕಿಲ್ಲದ ಚುಕ್ಕಿಯೊಂದು ಬೀಳುತ್ತಿತ್ತು.
ಏಳರಿಂದ ಒಂದಕ್ಕೆ ಇಳಿಸಿ ಗೆರೆ ಕೂಡಿಸುವಷ್ಟರಲ್ಲಿ
ಕರಿಯದೊಂದು, ಹೊಳೆಯುವುದು, ಎಲ್ಲೂ ಸೇರದ್ದು.
ಕಾರಿನ ಮೂತಿ ಹೊಸಿಲ ತನಕ ಬರುವಷ್ಟು ಸಣ್ಣ ಅಂಗಳ.
ಅವಳು ಬಾಯಿ ಬಿಟ್ಟು ಏನೂ ಅನ್ನಲಿಲ್ಲ.
ಬೂದಿ ಸುರಿದಳು. ಗೋಣಿಚೀಲ ಹಾಸಿದಳು.
ಕೊನೆಗೆ ರಂಗೋಲಿಯನ್ನೇ ಮೊಳದಷ್ಟು ಆಚೆ ಸರಿಸಿಕೊಂಡಳು.
ಅನ್ನದೆ ಇರುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.
ಗಾಡಿ ತೊಂಬತ್ತೇಳರದ್ದು;
ಅವಳು ಈ ಮನೆಗೆ ವಾಪಸಾದದ್ದೂ ಅದೇ ವರ್ಷ.

ಗುಬ್ಬಿ ಗೇಟಿನ ಇಂತಿಯಾಜ್ ಬಾನೆಟ್ ಎತ್ತಿ, ಮುಚ್ಚಿ,
"ಸೀಲು ಹೋಗಿದೆ ಅಕ್ಕ, ಕ್ರ್ಯಾಂಕಿಂದೂ ಕ್ಯಾಮಿಂದೂ.
ಬೆಲ್ಟು ಬಿಚ್ಚಬೇಕು. ಐದು ಸಾವಿರ.
ಇಲ್ಲಾ ಗುಜರಿಗೆ ಹಾಕಿ, ಇಪ್ಪತ್ತು ಬರುತ್ತೆ" ಅಂದ.
ಸೀಲಿಗೆಷ್ಟಪ್ಪ?
ಎರಡೂ ಸೇರಿ ಇನ್ನೂರ ನಲವತ್ತು.

ವಾಚ್ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ
ಗಡಿಯಾರದ ಬೆನ್ನಿಗೆ ಮುಚ್ಚಳ ಹಾಕಿದವಳು ನಾನು.
ಕೂದಲೆಳೆಯ ರಬ್ಬರು ಬಳೆ,
ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು,
ಸುತ್ತ ಕೂರಿಸಿ ಒತ್ತಿದರೆ, ಟಿಕ್.
ಅಲ್ಲಿ ನೀರು ಒಳಗೆ ಬರಬಾರದು,
ಇಲ್ಲಿ ಎಣ್ಣೆ ಹೊರಗೆ ಹೋಗಬಾರದು.
ಇಷ್ಟೇ ತಾನೆ, ಅಂದುಕೊಂಡೆ.

ಇಷ್ಟೇ ಅಲ್ಲ.
ಕಣ್ಣಿಗೆ ಕಾಣದ ಸ್ಕ್ರೂಗಳನ್ನು ಬೈದು ಬೆಳೆದವಳಿಗೆ
ಈ ಪುಲ್ಲಿ ಬೋಲ್ಟು ಕಣ್ಣೆದುರೇ ಕೂತು
ನನ್ನ ಐವತ್ತೆಂಟು ಕೆಜಿಯನ್ನೂ ಸ್ಪ್ಯಾನರಿನ ಮೇಲೆ ನಿಲ್ಲಿಸಿಕೊಂಡು
ಇಳಿ ತಾಯಿ ಕೆಳಗೆ, ಅಂತು.
ನಾಲ್ಕನೇ ಗೇರಿಗೆ ಹಾಕಿ ಯಾರಾದರೂ ಬ್ರೇಕ್ ತುಳಿದಿರಬೇಕು.
ಇದ್ದದ್ದು ಅವಳೊಬ್ಬಳೇ.
ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಕೂತವಳಲ್ಲ,
ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಹತ್ತಿದಳು.
"ಎಲ್ಲಿ ತನಕ ತುಳೀಲಿ?"
ಬಿಡು ಅನ್ನೋ ತನಕ.
ಬೋರಿನ ಹಳೇ ಪೈಪು ಸಿಕ್ಕಿಸಿ ಎಳೆದೆ.
ಬೋಲ್ಟು ಸಡಿಲಿದ ಸದ್ದಿಗೆ ಎದುರುಮನೆ ನಾಯಿ ಎದ್ದು ನಿಂತಿತು.

ಬಿಚ್ಚಿದ್ದನ್ನೆಲ್ಲ ಸಾಲುಸಾಲಾಗಿ
ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟೆ.
"ನಾಳೆ ಇದರಲ್ಲೇ ಇಡ್ಲಿನಾ?"
ಉತ್ತರ ಕೊಡದೆ ಟಾರ್ಚು ಕೊಟ್ಟೆ, ಹಿಡಿದಳು.

ಹಳೇ ಸೀಲು ಚಿಪ್ಪಿನಷ್ಟು ಗಡುಸಾಗಿತ್ತು,
ಮೀಟಿದರೆ ಮುರಿಮುರಿದು ಬಂತು.
ನೈಟಿಯ ಚೂರಲ್ಲಿ ಒರೆಸಿ ನೋಡಿದೆ:
ಉಕ್ಕಿನ ಸುತ್ತ ಸಣ್ಣದೊಂದು ಗಾಡಿ ಜಾಡು,
ಉಗುರಿಗೆ ತಡೆಯುವಷ್ಟು.
"ಯಾರು ತೇದದ್ದು?"
ರಬ್ಬರು.
"ಕಬ್ಬಿಣಾನ?"
ಕಬ್ಬಿಣಾನ. ಅದೇ ಜಾಗದಲ್ಲಿ. ಅಷ್ಟು ವರ್ಷ. ಮೆತ್ತಗೆ.
ಜಾಡನ್ನು ನೋಡಿದಳೋ, ನನ್ನನ್ನೋ,
ಟಾರ್ಚು ನನ್ನ ಕಣ್ಣಿಗೇ ಇತ್ತು, ಗೊತ್ತಾಗಲಿಲ್ಲ.
ಬೆಳಕು ಕೆಳಗೆ ಹಿಡಿ, ಅಂದೆ.
ಹಿಡಿದಳು.

ಹೊಸ ಸೀಲಿನ ತುಟಿಗೆ ಬೆರಳಲ್ಲಿ ಎಣ್ಣೆ ಸವರಿದೆ.
ಮೇಲೊಂದು ಪಿವಿಸಿ ತುಂಡು, ಅದರ ಮೇಲೆ ಬಡಿಯಲು
ಸುತ್ತಿಗೆ ಹೆಚ್ಚಾಯಿತು, ಕೈ ಕಡಿಮೆಯಾಯಿತು.
ಒಳಗೆ ಹೋದವಳು ಮುದ್ದೆಕೋಲು ತಂದಳು.
"ತೊಳೆದು ಕೊಡಬೇಕು."
ಟಕ್, ಟಕ್, ಗಡಿಯಾರದ ಮುಳ್ಳಿನ ಸುತ್ತ,
ಹನ್ನೆರಡಕ್ಕೆ, ಆರಕ್ಕೆ, ಮೂರಕ್ಕೆ, ಒಂಬತ್ತಕ್ಕೆ.
ತಳ ಮುಟ್ಟಿಸಲಿಲ್ಲ.
ಎರಡು ಮಿಲಿಮೀಟರು ಈಚೆಗೇ ನಿಲ್ಲಿಸಿದೆ,
ತುಟಿ ಹಳೇ ಜಾಡಿಗೆ ಬೀಳದೆ
ಸವೆಯದ ಉಕ್ಕಿನ ಮೇಲೆ ಕೂರಲಿ ಅಂತ.
ಫ್ಯಾಕ್ಟರಿಯಲ್ಲಾದರೆ ತಪಾಸಣೆಯ ಚಂದ್ರಮತಿ
ಪೂರ್ತಿ ಕೂತಿಲ್ಲ ಅಂತ ವಾಪಸ್ ಕಳಿಸುತ್ತಿದ್ದಳು.

ಬೆಲ್ಟಿನ ಗುರುತು ಎರಡು ಸಲ ತಪ್ಪಿ,
ಮೂರನೆಯ ಸಲಕ್ಕೆ ಗಾಡಿ ಕೆಮ್ಮಿ ಎದ್ದಾಗ ಬೀದಿದೀಪ ಹತ್ತಿತ್ತು.

ಬೆಳಿಗ್ಗೆ ಬಗ್ಗಿ ನೋಡಿದೆ.
ಮೂತಿಯ ಕೆಳಗೆ ಬೂದಿಯ ಕಲೆ ಬಿಟ್ಟರೆ ಒಣನೆಲ.
ಹಿಂದೆ, ಗೇರ್‌ಬಾಕ್ಸಿನ ಕಡೆ, ಏನೋ ತೇವ;
ಅದು ಬೇರೆ ಸೀಲು, ಬೇರೆ ಭಾನುವಾರ.
ಅವಳು ರಂಗೋಲಿ ಹಾಕಿ ಆಗಿತ್ತು,
ಮೊಳದಷ್ಟು ಆಚೆಯೇ.
ಈ ಜಾಗ ಗುಡಿಸಿ ನೀರು ಚಿಮುಕಿಸಿ
ಖಾಲಿ ಬಿಟ್ಟಿದ್ದಳು.

ಏನಾದರೂ ಅನ್ನೋಣ ಅಂತ ತಿರುಗಿದೆ.
ಅಡಿಗೆಮನೆಯಿಂದ ಕೂಗಿದಳು:
"ಎಲ್ಲಿಟ್ಟೆ ಮುದ್ದೆಕೋಲು?"